ಪಲ್ಲವಿ ಕಲ್ಲಿನ ರಥದಲ್ಲಿ, ಚರಣ ಕಮಲ ಮಹಲಿನಲ್ಲಿ

ಹಂಪಿಯಲ್ಲಿ ತೆಗೆದ ಹಾಡನ್ನು ಹೊಸಪೇಟೆಯವರ ಜೊತೆ ಕೂತು ನೋಡಬಾರದು. ನಾಯಕ ವಿಜಯವಿಠ್ಠಲ ಗುಡಿಯ ಕಲ್ಲಿನ ರಥದ ಮುಂದೆ ಪಲ್ಲವಿ ಶುರು ಮಾಡಿ, ಚರಣಕ್ಕೆ ಕಮಲ ಮಹಲಿನಲ್ಲಿ ಪ್ರತ್ಯಕ್ಷನಾದರೆ ಸಾಕು, "ಏನಲೇ, ಆಟೋದಾಗ ಬಂದ್ಯಾ?" ಎಂದು ಹಿಂದಿನ ಸೀಟಿನಿಂದ ಪ್ರಶ್ನೆ ತೂರಿ ಬರುತ್ತದೆ. ಎರಡರ ನಡುವೆ ಎಷ್ಟು ದೂರ ಕಾಲೆಳೆಯಬೇಕೆಂದು ಇಲ್ಲಿನ ಮಕ್ಕಳಿಗೂ ಗೊತ್ತು. ಈ ಲೇಖಕ ಸಿನಿಮಾ ವಿಮರ್ಶೆ ಕಲಿತದ್ದು ಆ ಹಿಂದಿನ ಸೀಟಿನವರಿಂದಲೇ. ಊರನ್ನು ಕಣ್ಣಿಟ್ಟು ನೋಡಿದ ಚಿತ್ರ ಯಾವುದು, ಕಂಪನಿ ನಾಟಕದ ಪರದೆಯಂತೆ ಹಿಂದೆ ಇಳಿಬಿಟ್ಟುಕೊಂಡದ್ದು ಯಾವುದು ಎಂದು ಅವರು ಅರೆಗಳಿಗೆಯಲ್ಲಿ ಹೇಳಿಬಿಡುತ್ತಾರೆ.

ಜಾಕಿ ಚಾನ್ ಕೂಡ ಈ ಪರೀಕ್ಷೆಯಲ್ಲಿ ಪಾಸಾಗಲಿಲ್ಲ. ಸ್ಟ್ಯಾನ್ಲಿ ಟಾಂಗ್ ನಿರ್ದೇಶನದ ‘ದಿ ಮಿಥ್’ (2005) ಚಿತ್ರದಲ್ಲಿ ಆತ ಪುರಾತತ್ವಜ್ಞ, ಮಲ್ಲಿಕಾ ಶೆರಾವತ್ ಅವನನ್ನು ಹೊಳೆಯಿಂದ ಎಳೆದು ಬದುಕಿಸುವವಳು. ಹಂಪಿ ಇಲ್ಲಿ ಹಂಪಿಯೇ ಅಲ್ಲ, ದಸಾರ್ ಎಂಬ ಕಟ್ಟುಕಥೆಯ ರಾಜ್ಯ. ಅಂಟು ಬಳಿದ ಬೆಲ್ಟಿನ ಮೇಲಿನ ಹೊಡೆದಾಟಕ್ಕೆ ಈಗಲೂ ಹೊಟ್ಟೆ ಹುಣ್ಣಾಗುವಷ್ಟು ನಗು ಬರುತ್ತದೆ. ಆದರೆ ಅದು ನಡೆಯುವುದು ಕಾರ್ಖಾನೆಯೊಳಗೆ. ಹಂಪಿಯ ಬಂಡೆಗಳಿಗೆ ಸುಮ್ಮನೆ ನಿಲ್ಲುವ ಪಾತ್ರ.

ಬಿ.ಆರ್. ಪಂತುಲು ಅವರ ‘ಶ್ರೀಕೃಷ್ಣದೇವರಾಯ’ (1970) ಬೇರೆ ತೂಕದ್ದು. ರಾಜ್‌ಕುಮಾರ್ ರಾಯ, ನರಸಿಂಹರಾಜು ತೆನಾಲಿ ರಾಮಕೃಷ್ಣ, ಸ್ವತಃ ಪಂತುಲು ಮಂತ್ರಿ ತಿಮ್ಮರಸು. ದರ್ಬಾರಿನ ಮಾತು ಉದ್ದವಾಯಿತು, ಕ್ಯಾಮೆರಾ ರಂಗಮಂದಿರದ ಮೊದಲ ಸಾಲಿನಿಂದ ಏಳುವುದೇ ಇಲ್ಲ ಎಂಬ ದೂರು ಸುಳ್ಳಲ್ಲ. ಆದರೂ ಸಿಂಹಾಸನದ ಪಕ್ಕದಲ್ಲಿ ನಿಂತ ಮುದುಕನ ಮೇಲಿಂದ ಕಣ್ಣು ಕೀಳಲಾಗದು. ರಾಜ್ಯದ ಶ್ರೇಷ್ಠ ನಟ ಪ್ರಶಸ್ತಿ ರಾಯನಿಗಲ್ಲ, ಆ ಮಂತ್ರಿಗೇ ಸಂದಿತು. ಮಗನ ಸಾವಿನ ಗುಮಾನಿಯಲ್ಲಿ ರಾಯ ಆ ಮಂತ್ರಿಯ ಕಣ್ಣು ಕೀಳಿಸಿದ ಎಂದು ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಬರೆದಿಟ್ಟಿದ್ದಾನೆ. ಇಂಥದ್ದು ಕೈಲಿದ್ದರೆ ಯಾವ ನಟ ಬಿಟ್ಟಾನು? ತೆಲುಗಿನಲ್ಲಂತೂ 1962ರ ಚಿತ್ರಕ್ಕೆ ಹೆಸರೇ ‘ಮಹಾಮಂತ್ರಿ ತಿಮ್ಮರಸು’. ಅಲ್ಲಿ ಎನ್‌.ಟಿ. ರಾಮರಾವ್ ರಾಯ, ಗುಮ್ಮಡಿ ಮಂತ್ರಿ. ಹೊಸಪೇಟೆಗೆ ತೆಲುಗು ಪಕ್ಕದ ಮನೆಯ ಭಾಷೆಯಾದ್ದರಿಂದ ಲೇಖಕನ ಅಜ್ಜ ಎರಡನ್ನೂ ನೋಡಿ ತೀರ್ಪು ಕೊಟ್ಟಿದ್ದರು: "ರಾಯ ಯಾರರ ಆಗ್ಲಿ, ತಿಮ್ಮರಸ ಅಳಿಸ್ಬೇಕು ನೋಡು."

ಅಜ್ಜನ ಮಾತು ಕಂಪ್ಲಿಗೂ ಸಲ್ಲುತ್ತದೆ. ವಿಜಯನಗರಕ್ಕಿಂತ ಮೊದಲೇ, 1327ರ ಹೊತ್ತಿಗೆ, ತುಘಲಕ್ ಸೈನ್ಯಕ್ಕೆ ಬಲಿಯಾದ ಕಂಪಿಲ ರಾಜ್ಯದ ಕುಮಾರರಾಮ ಜನಪದರ ಬಾಯಲ್ಲಿ, ನಂಜುಂಡ ಕವಿಯ ಸಾಂಗತ್ಯದಲ್ಲಿ ಉಳಿದವನು. ಭಾರ್ಗವ ನಿರ್ದೇಶಿಸಿ ಶಿವರಾಜ್‌ಕುಮಾರ್ ನಟಿಸಿದ ‘ಗಂಡುಗಲಿ ಕುಮಾರರಾಮ’ 2006ರಲ್ಲಿ ಅವನನ್ನು ತೆರೆಗೆ ತಂದಿತು. ತಂದದ್ದೇ ದೊಡ್ಡದು, ಒಪ್ಪೋಣ. ತೊಡಕಿರುವುದು ಕಥೆಯಲ್ಲೇ: ‘ಪರನಾರಿ ಸಹೋದರ’ನಿಗೆ ಮನಸ್ಸಿನೊಳಗೆ ಹೊಯ್ದಾಟವೇ ಇಲ್ಲ. ಹೊಯ್ದಾಟವೆಲ್ಲ ಅವನಿಗೆ ಮನಸೋತ ಮಲತಾಯಿ ರತ್ನಾಜಿಯದು. ಅವಳ ಕಡೆಯಿಂದ ಹೇಳಿದ್ದರೆ ಬೇರೆಯೇ ಚಿತ್ರವಾಗುತ್ತಿತ್ತು. ಸ್ಟಾರ್ ಸಿನಿಮಾದಲ್ಲಿ ಅದಕ್ಕೆ ದುಡ್ಡು ಹಾಕುವವರು ಯಾರು ಅನ್ನಿ.

ಇನ್ನು ಸಂಡೂರು. ಅಲ್ಲಿ ರಾಜರಿಗಿಂತ ಅದಿರು ದೊಡ್ಡದು. ಗಣಿ ಗದ್ದಲ ಜೋರಾಗಿದ್ದ ವರ್ಷಗಳಲ್ಲಿ ಸಂಡೂರು ರಸ್ತೆಯ ಮರಗಳ ಎಲೆ ಕೆಂಪು, ಅಂಗಳದಲ್ಲಿ ಒಣಹಾಕಿದ ಬಿಳಿ ಅಂಗಿಯೂ ಕೆಂಪು. ಜೇಕಬ್ ವರ್ಗೀಸ್ ಅವರ ‘ಪೃಥ್ವಿ’ ಬಂದದ್ದು 2010ರಲ್ಲಿ, ಗಣಿಗಾರಿಕೆ ಕುರಿತ ಲೋಕಾಯುಕ್ತರ ಎರಡನೇ ವರದಿ ಸಲ್ಲಿಕೆಯಾಗುವುದಕ್ಕೂ ಒಂದು ವರ್ಷ ಮೊದಲು. ಪುನೀತ್ ಬಳ್ಳಾರಿಯ ಜಿಲ್ಲಾಧಿಕಾರಿ, ಪಾರ್ವತಿ ಅವನ ಹೆಂಡತಿ. ಊರಿನ ಹೆಸರು ಮುಚ್ಚಿಡದ ಧೈರ್ಯ, ಕುಣಿತಕ್ಕೆ ಹೆಸರಾದ ನಟನನ್ನು ಕಚೇರಿಯ ಕುರ್ಚಿಯಲ್ಲಿ ಕೂರಿಸಿದ ಸಂಯಮ, ಎರಡೂ ಚಿತ್ರದ ಬಲ. ಡಿಸಿ ಸಾಹೇಬರು ಫೈಲು ಬಿಟ್ಟು ಮುಷ್ಟಿ ಎತ್ತಿದಾಗ ಮಾತ್ರ ಆ ಬಲ ಸೋರಿಹೋಗುತ್ತದೆ. ಲೇಖಕನ ಅವ್ವ ಟಿವಿಯಲ್ಲಿ ನೋಡಿ ತೆಗೆದ ಕೊರತೆ ಒಂದೇ: "ಧೂಳು ಕಡಿಮಿ ತೋರ್ಸ್ಯಾರ."

2011ರಲ್ಲಿ ಸುಪ್ರೀಂ ಕೋರ್ಟ್ ಗಣಿ ನಿಲ್ಲಿಸಿದ ಮೇಲೆ ಸಾಲದ ಕಂತು ಕಟ್ಟಲಾಗದೆ ಮನೆ ಮುಂದೆ ನಿಂತ ಲಾರಿಗಳು, ಅವುಗಳ ಡ್ರೈವರು, ಕ್ಲೀನರು... ಅವರ ಕಥೆಯನ್ನು ಈ ಲೇಖಕ ಇನ್ನೂ ತೆರೆಯ ಮೇಲೆ ನೋಡಬೇಕಿದೆ.