ಬಾವಿಗೆ ಮೀನು ಬಿಟ್ಟ ಹೌಸ್ ಸರ್ಜನ್ನುಗಳು

ಪಕ್ಕದ ಮನೆ ಹುಡುಗಿಯ ಇಂಟರ್ನ್‌ಶಿಪ್ ನಡೆಯುತ್ತಿದೆ. ಸಮುದಾಯ ವೈದ್ಯಕೀಯದ ಹನ್ನೆರಡು ವಾರಕ್ಕೆ ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಅಂದರೆ ಪಿ.ಎಚ್.ಸಿ.ಗೆ, ಹಾಕಿದ್ದಾರಂತೆ. "ಅಲ್ಲಿ ಮಾಡೋಕೆ ಏನಿರುತ್ತೆ ಅಂಕಲ್?" ಎಂದಳು. ಲಾಗ್‌ಬುಕ್ಕಿಗೆ ಸಹಿ ಬೇಗ ಸಿಗುತ್ತದಾ ಎನ್ನುವುದೇ ಅವಳ ನಿಜವಾದ ಚಿಂತೆ. ಕೈಯಲ್ಲಿ ಪಿ.ಜಿ. ನೀಟ್ ಪುಸ್ತಕವಿತ್ತು. ಅವಳನ್ನು ಬೈದು ಏನು ಪ್ರಯೋಜನ?

ನಾನು ಕೋಲಾರ ಜಿಲ್ಲೆಯ ಒಂದು ಪಿ.ಎಚ್.ಸಿ.ಯಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಿದ್ದವನು. ತೊಂಬತ್ತರ ದಶಕದಲ್ಲಿ ಬೆಂಗಳೂರಿನಿಂದ ಹೌಸ್ ಸರ್ಜನ್ನುಗಳು (ಇಂಟರ್ನ್‌ಗಳನ್ನು ನಾವು ಕರೆಯುತ್ತಿದ್ದದ್ದು ಹಾಗೆ) ನಾಲ್ಕೈದು ಜನ ಒಟ್ಟಿಗೆ ಬಂದಿಳಿಯುತ್ತಿದ್ದರು. ನಮ್ಮ ಡಾಕ್ಟರಿಗೆ ಓಪಿಡಿ, ಆಪರೇಷನ್ ಕ್ಯಾಂಪು, ಮೀಟಿಂಗುಗಳಲ್ಲೇ ದಿನ ಮುಗಿಯುತ್ತಿತ್ತು. ಹಾಗಾಗಿ ಹುಡುಗರು ಹೋಗಿ ಬೀಳುತ್ತಿದ್ದದ್ದು ಹೆಲ್ತ್ ಇನ್‌ಸ್ಪೆಕ್ಟರ್ ಕೈಗೆ. ಆತ ಓದಿದ್ದು ಎಸ್ಸೆಸ್ಸೆಲ್ಸಿ, ಅದರ ಮೇಲೊಂದು ಇಲಾಖೆಯ ತರಬೇತಿ. ಆದರೂ ಡಾಕ್ಟರಾಗುವವರನ್ನು ಮುಲಾಜಿಲ್ಲದೆ ಗದರುತ್ತಿದ್ದ.

ಮೊದಲ ಪಾಠ ನನ್ನ ಲ್ಯಾಬಿನಲ್ಲಿ, ಮಲೇರಿಯಾ ಪತ್ತೆಯ ರಕ್ತಲೇಪ. ಎಡಗೈ ಉಂಗುರದ ಬೆರಳಿಗೆ ಚುಚ್ಚಿ, ಮೊದಲ ಹನಿ ಒರೆಸಿ, ಒಂದೇ ಗಾಜಿನ ಮೇಲೆ ದಪ್ಪ ಲೇಪ ಒಂದು, ತೆಳು ಲೇಪ ಒಂದು. ದಪ್ಪದ್ದನ್ನು ಹಳೇ ಪೇಪರಿನ ಮೇಲಿಟ್ಟು ಇನ್‌ಸ್ಪೆಕ್ಟರ್ "ಅಕ್ಷರ ಓದಿ ಡಾಕ್ಟ್ರೇ" ಎನ್ನುತ್ತಿದ್ದ. ಓದಲಾಗದಿದ್ದರೆ ಮತ್ತೆ ಚುಚ್ಚಬೇಕು, ಈ ಸಲ ತಮ್ಮದೇ ಬೆರಳಿಗೆ. ಆಮೇಲೆ ನಾನು ಬಣ್ಣ ಹಾಕಿ, ಸೀಡರ್‌ವುಡ್ ಎಣ್ಣೆಯ ಒಂದು ತೊಟ್ಟು ಬಿಟ್ಟು ಸೂಕ್ಷ್ಮದರ್ಶಕದ ಮುಂದೆ ಕೂರಿಸುತ್ತಿದ್ದೆ. ಆ ಎಣ್ಣೆಗೆ ಹೊಸದಾಗಿ ಕೆತ್ತಿದ ಮರದ ವಾಸನೆ. ಸಂಜೆ ಮನೆಗೆ ಹೋದರೂ ಬೆರಳಲ್ಲಿ ಉಳಿದಿರುತ್ತಿತ್ತು. ಹೆಂಡತಿ ಬೈದರೂ ನನಗದು ಇಷ್ಟ.

ನಮ್ಮದು ರೇಷ್ಮೆ ಸೀಮೆ. ಸೊಳ್ಳೆಗೆ ಹೊಡೆಯಲು ಡಿ.ಡಿ.ಟಿ. ಪಂಪು ಹೊತ್ತವರನ್ನು ಕಂಡರೆ ಜನ ಬಾಗಿಲು ಹಾಕಿಕೊಳ್ಳುತ್ತಿದ್ದರು. ಹಿಪ್ಪುನೇರಳೆ ಸೊಪ್ಪಿಗೆ ಔಷಧದ ಗಾಳಿ ಸೋಕಿದರೂ ಹುಳು ಸಾಯುತ್ತವೆ, ಬೆಳೆ ಹೋದರೆ ಸಾಲ ತೀರಿಸುವವರು ಯಾರು? ಇನ್‌ಸ್ಪೆಕ್ಟರ್ ಜಗಲಿ ಮೇಲೆ ಕೂತು ತೆಲುಗಿನಲ್ಲಿ ಚೌಕಾಸಿಗಿಳಿಯುತ್ತಿದ್ದ. ಹುಳು ನಾಲ್ಕನೇ ಜ್ವರ (ಪೊರೆ ಬಿಡುವ ನಿದ್ದೆ) ಎದ್ದಿವೆ, ಗೂಡು ಕಟ್ಟಲು ಚಂದ್ರಿಕೆಗೆ ಬಿಡುವ ತನಕ ಬರಬೇಡಿ ಎಂದು ಆ ಕಡೆಯವರು. ಆಗಲಿ, ಔಷಧ ಬೇಡ, ಬಾವಿಗೆ ಮೀನು ಬಿಡಲು ಒಪ್ಪಿ ಎಂದು ಈತ. ಬಂಗಾರಪೇಟೆ ತಾಲ್ಲೂಕಿನ ಕಾಮಸಮುದ್ರದ ಕಡೆ ಮಲೇರಿಯಾ ಸಂಶೋಧನಾ ಕೇಂದ್ರದವರು ಗಪ್ಪಿ, ಗ್ಯಾಂಬೂಸಿಯಾ ಬಿಟ್ಟು ಸೊಳ್ಳೆ ಮರಿ ತಿನ್ನಿಸುತ್ತಿದ್ದ ಕಾಲ ಅದು. "ಕುಡಿಯೋ ನೀರಿಗೆ ಮೀನಾ?" ಎಂದು ಅಜ್ಜಿಯೊಬ್ಬಳು ಜಗಳಕ್ಕೆ ನಿಂತಳು. ಈತ ಮೀನು ಬಿಡಿಸಿ, ಅದೇ ಬಾವಿಯ ನೀರು ಸೇದಿಸಿ, ಚೊಂಬನ್ನು ಪಕ್ಕದಲ್ಲಿದ್ದ ಹೌಸ್ ಸರ್ಜನ್ ಕೈಗೆ ಕೊಟ್ಟ. ಬೆಂಗಳೂರಿನ ಹುಡುಗ ಕಣ್ಣು ಮುಚ್ಚಿ ಕುಡಿದ. ಅಜ್ಜಿ ನಕ್ಕು ಒಳಗಿಂದ ಮಜ್ಜಿಗೆ ತಂದಳು.

ಆಗ ಎಲ್ಲರೂ ಹೀಗೇ ಕಲಿತರು ಎಂದರೆ ಸುಳ್ಳಾಗುತ್ತದೆ. ಶುಕ್ರವಾರ ಮಧ್ಯಾಹ್ನದ ಬೆಂಗಳೂರು ಬಸ್ಸಿನಲ್ಲಿ ಅರ್ಧ ಜನ ಮಾಯ. ಹುಡುಗಿಯರಿಗೆ ಕ್ವಾರ್ಟರ್ಸಿನಲ್ಲಿ ನೆಟ್ಟಗೆ ಕಕ್ಕಸೂ ಇರಲಿಲ್ಲ, ಅವರು ಓಡಿಹೋದರೆ ನಾನಂತೂ ತಪ್ಪು ಎನ್ನಲಾರೆ. ವರ್ಷಕ್ಕೆ ಜನಸಂಖ್ಯೆಯ ಶೇ. 10ರಷ್ಟು ರಕ್ತಲೇಪ ಆಗಲೇಬೇಕು ಎಂಬ ಗುರಿಗೆ ಹೆದರಿ, ತಿಂಗಳ ಕೊನೆಯಲ್ಲಿ ಕೆಲವು ಸಿಬ್ಬಂದಿ ಒಂದೇ ಬೆರಳಿನಿಂದ ಹತ್ತು ಸ್ಲೈಡು ತೆಗೆದು ಹತ್ತು ಹೆಸರು ಬರೆಯುತ್ತಿದ್ದರು. ಸ್ಲೈಡು ಓದುವವನಿಗೆ ಗೊತ್ತಾಗುವುದಿಲ್ಲವೇ? ರಿಜಿಸ್ಟರ್ ನೋಡಿ ಇತಿಹಾಸ ಬರೆಯುವವರು ಇದನ್ನು ನೆನಪಿಟ್ಟುಕೊಳ್ಳಲಿ.

ಈಗ ಪಿ.ಎಚ್.ಸಿ. ಕಟ್ಟಡ ಹೊಸದು, ಟೈಲ್ಸ್ ಹಾಕಿದ್ದಾರೆ, ಕಕ್ಕಸು ಇದೆ. ಸಂತೋಷ. ಮಲೇರಿಯಾ ತುಂಬಾ ಇಳಿದಿದೆ, ಇದ್ದರೂ ಪರೀಕ್ಷೆಯ ಕಿಟ್ಟಿನ ಗೆರೆ ಹೇಳಿಬಿಡುತ್ತದೆ. ಪಿ.ಜಿ. ಡಾಕ್ಟರುಗಳೂ ಮೂರು ತಿಂಗಳು ಜಿಲ್ಲಾ ರೆಸಿಡೆನ್ಸಿ ಎಂದು ಜಿಲ್ಲಾ ಆಸ್ಪತ್ರೆಗೆ ಬರುತ್ತಾರೆ. ಮೀನು ಬಿಟ್ಟ ಬಾವಿಗಳು ಬತ್ತಿ, ಕಸ ತುಂಬಿ, ಕೊಳವೆಬಾವಿ ಸಾವಿರ ಅಡಿ ದಾಟಿದೆ. ಸೊಳ್ಳೆ ಮಾತ್ರ ಹೋಗಿಲ್ಲ, ಬೇರೆ ಜಾತಿಯದು ನೀರಿನ ಸಂಪು, ಡ್ರಮ್ಮುಗಳಲ್ಲಿ ಹುಟ್ಟಿ ಡೆಂಗಿ ಹಚ್ಚುತ್ತಿದೆ. ಮನೆಮನೆಗೆ ಹೋಗಿ ಆ ಡ್ರಮ್ಮುಗಳ ಮುಚ್ಚಳ ತೆಗೆದು ನೋಡುವವರು ಆಶಾ ಕಾರ್ಯಕರ್ತೆಯರು. ನಮ್ಮ ಬೀದಿಗೂ ಬರುತ್ತಾರೆ. ಅವರ ಹಿಂದೆ ಒಬ್ಬ ಇಂಟರ್ನ್ ಬಂದದ್ದನ್ನು ನಾನಿನ್ನೂ ನೋಡಿಲ್ಲ. ಹೋಗಿ ಬಾ ಎಂದು ಗದರಲು ಅಲ್ಲಿ ಯಾರಿದ್ದಾರೆ? ನಮ್ಮ ಇನ್‌ಸ್ಪೆಕ್ಟರ್ ನಿವೃತ್ತನಾದ ಮೇಲೆ ಆ ಜಾಗಕ್ಕೆ ವರ್ಷಗಟ್ಟಲೆ ಯಾರನ್ನೂ ಹಾಕಲಿಲ್ಲ.