ಗೆಜ್ಜೆ ಕಟ್ಟಿದ ವೃಂದ

ಹಲವರು ಕೂಡಿ ಹಾಡುವ ವೃಂದಕ್ಕೆ ಇರತಕ್ಕ ಆರು ಗುಣಗಳನ್ನು ಶಾರ್ಙ್ಗದೇವನು 13ನೆಯ ಶತಮಾನದಲ್ಲಿಯೇ ‘ಸಂಗೀತರತ್ನಾಕರ’ದಲ್ಲಿ ಎಣಿಸಿರುವನು. ಮುಖ್ಯನನ್ನು ಅನುಸರಿಸುವುದು, ಒಬ್ಬರೊಡನೊಬ್ಬರು ಬೆರೆಯುವುದು ಮೊದಲಾದುವು ಯಾರಿಗಾದರೂ ಹೊಳೆಯತಕ್ಕವೇ. ಒಬ್ಬನಿಗೆ ತಪ್ಪಿದುದನ್ನು ಮತ್ತೊಬ್ಬನು ತುಂಬಿ ನಿರ್ವಹಿಸುವುದೂ ಗುಣವೆಂದಿರುವುದು ಮಾತ್ರ ಸಭೆಯನ್ನು ಚೆನ್ನಾಗಿ ಕಂಡವನ ಮಾತು. ಇಂದಿನ ತರುಣರು ಗಿಟಾರು ಡ್ರಮ್ಮುಗಳನ್ನಿಟ್ಟುಕೊಂಡು ಕಟ್ಟುವ ರಾಕ್ ಬ್ಯಾಂಡಿಗೂ ಈ ಲಕ್ಷಣವು ಹೊಂದುವುದು. ಹೊಸ ವೃಂದವು ಹೆಸರು ಪಡೆಯುವ ಬಗೆ ಹೇಗೆಂಬುದು ಬೇರೆಯ ಪ್ರಶ್ನೆ.

ಬೆಂಗಳೂರಿನ ಪಶ್ಚಿಮಭಾಗದಲ್ಲಿ ವಿದ್ಯಾರ್ಥಿಗಳ ಉತ್ಸವಗಳೇ ಇದಕ್ಕೆ ಪರೀಕ್ಷಾಸ್ಥಾನಗಳಾದುವು. ಕೆಂಗೇರಿಯ ಹಾದಿಯಲ್ಲಿರುವ ಆರ್. ವಿ. ಇಂಜಿನಿಯರಿಂಗ್ ಕಾಲೇಜು ಮೈಸೂರು ರಸ್ತೆಯ ಮೈಲಿಯ ಲೆಕ್ಕದಿಂದಲೇ ತನ್ನ ಉತ್ಸವವನ್ನು ‘ಏಯ್ಟ್ತ್ ಮೈಲ್’ ಎಂದು ಕರೆಯಿತು. ನಾಗರಭಾವಿಯ ರಾಷ್ಟ್ರೀಯ ಕಾನೂನು ಶಾಲೆಯವರು ನಡೆಯಿಸಿದ ರಾಕ್ ಸ್ಪರ್ಧೆಗೆ ಬೀಟಲ್ಸರ 1967ರ ಹಾಡನ್ನು ನೆನಪಿಗೆ ತರುವ ‘ಸ್ಟ್ರಾಬೆರಿ ಫೀಲ್ಡ್ಸ್’ ಎಂಬ ಹೆಸರು. ಪರದೇಶದ ಹಾಡನ್ನು ಎಷ್ಟು ಯಥಾವತ್ತಾಗಿ ಬಾರಿಸಿದರೆ ಅಷ್ಟು ಮೆಚ್ಚಿಕೆಯೆಂಬ ಕಾಲವೊಂದಿತ್ತು. ಅನುಕರಣವು ಅಭ್ಯಾಸಕ್ಕೆ ತಕ್ಕುದೇ. ಅಮರಕೋಶವನ್ನು ಬಾಯಿಪಾಠ ಮಾಡಿ ಕೆಟ್ಟವರಿಲ್ಲ. ಆದರೆ ಕೋಶವನ್ನೇ ಕಾವ್ಯವೆಂದು ಸಭೆಯಲ್ಲಿ ಓದಿದರೆ ಕುಳಿತು ಕೇಳುವವರಾರು? ಕ್ರೈಸ್ಟ್ ಕಾಲೇಜಿನಲ್ಲಿ 1996ರಲ್ಲಿ ಹುಟ್ಟಿದ ‘ಥರ್ಮಲ್ ಅಂಡ್ ಎ ಕ್ವಾರ್ಟರ್’ ವೃಂದವು ಸ್ವಂತ ಹಾಡುಗಳನ್ನು ನಂಬಿತು; ಅದರ ನುಡಿ ಇಂಗ್ಲಿಷು.

ಕನ್ನಡದ ನುಡಿ ಬಂದುದು ಮೈಸೂರು ರಸ್ತೆಯ ಇನ್ನೊಂದು ತುದಿಯಿಂದ. ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತರು ಸೂಕ್ಷ್ಮಜೀವಿಶಾಸ್ತ್ರವನ್ನೂ ಭರತನಾಟ್ಯವನ್ನೂ ಕಲಿತವರು. ಅಲ್ಲಿಯ ‘ಅಂತರಾಗ್ನಿ’ಯ ಬಳಿಕ ಬೆಂಗಳೂರಿನಲ್ಲಿ ‘ದಿ ರಘು ದೀಕ್ಷಿತ್ ಪ್ರಾಜೆಕ್ಟ್’ ಎಂಬ ವೃಂದವನ್ನು ಕಟ್ಟಿದರು. ಧ್ವನಿಮುದ್ರಣದವರ ಬಾಗಿಲನ್ನು ವರ್ಷಗಟ್ಟಲೆ ತಟ್ಟಿದ ಮೇಲೆ 2008ರಲ್ಲಿ ಮೊದಲ ಆಲ್ಬಂ ಹೊರಬಿದ್ದಿತು. ಹಿಂದಿ ಇಂಗ್ಲಿಷುಗಳ ನಡುವೆ ಶಿಶುನಾಳ ಶರೀಫರ (1819–1889) ಎರಡು ತತ್ತ್ವಪದಗಳು ಅದರಲ್ಲಿದ್ದುವು. 2010ರಲ್ಲಿ ಬಿ.ಬಿ.ಸಿ.ಯ ಜೂಲ್ಸ್ ಹಾಲೆಂಡರ ಕಾರ್ಯಕ್ರಮ, 2011ರಲ್ಲಿ ಗ್ಲಾಸ್ಟನ್‌ಬರಿ ಉತ್ಸವ: ಲುಂಗಿಯುಟ್ಟು ಗೆಜ್ಜೆ ಕಟ್ಟಿದ ಗಾಯಕನನ್ನು ಆಂಗ್ಲರು ಕಂಡರು.

ವಿವಾದವಿರುವುದು ಆ ತತ್ತ್ವಪದಗಳ ವಿಷಯದಲ್ಲಿಯೇ. ಸೋರುವ ಮಾಳಿಗೆಯ ಪದದಲ್ಲಿ ಮನೆಯೆಂದರೆ ದೇಹವೆಂದೂ ಮನಸ್ಸೆಂದೂ ಅರ್ಥಮಾಡುವರು. ಸೋರುವುದಕ್ಕೆ ಕಾರಣವು ಅಜ್ಞಾನ. ಸಿ. ಅಶ್ವತ್ಥರು ಶರೀಫರನ್ನು ಮನೆಮನೆಗೆ ಮುಟ್ಟಿಸಿದಾಗ ಮಾತು ಮುಂದೆಯೂ ವಾದ್ಯವು ಹಿಂದೆಯೂ ಇದ್ದುವು. ಆಲಂಕಾರಿಕರು ಧ್ವನಿಯೆಂದುದು ವ್ಯಂಗ್ಯಾರ್ಥವನ್ನು. ರಾಕ್ ಸಭೆಯಲ್ಲಿ ಧ್ವನಿಯೆಂದರೆ ಎದೆಗೂಡನ್ನು ನಡುಗಿಸುವ ಸದ್ದು. ಕುಣಿಯುವ ಸಾವಿರ ಮಂದಿಯಲ್ಲಿ ಅರ್ಥವನ್ನು ಹಿಡಿದವರೆಷ್ಟು ಎಂದು ಹಿರಿಯರು ಕೇಳುವುದು ನ್ಯಾಯವೇ ಸರಿ. ಆದರೂ ಇಂಗ್ಲಿಷು ಶಾಲೆಯಲ್ಲಿ ಓದಿ, ಕನ್ನಡವನ್ನು ತರಕಾರಿಯ ಅಂಗಡಿಗೆ ಮೀಸಲಿಟ್ಟ ಹುಡುಗನೂ ಅಲ್ಲಿ ಪಲ್ಲವಿಯನ್ನು ತಪ್ಪದೆ ಎತ್ತಿ ಹಾಡುವನು. ಅಕ್ಷರವರಿಯದ ಹಳ್ಳಿಯ ಭಜನೆಗಳಲ್ಲಿಯೂ ತತ್ತ್ವಪದಗಳು ಮೊದಲು ನಾಲಗೆಗೆ ಬಂದುವು, ಅರ್ಥವು ಆಮೇಲೆ ಬಂದಿತು. ಬಸವೇಶ್ವರನಗರದ ಮನೆಯೊಂದರಲ್ಲಿ ಅಂತಹ ಮೊಮ್ಮಗನು “ತಾತ, ಮಾಳಿಗೆ ಏಕೆ ಸೋರುತ್ತದೆ?” ಎಂದು ಕೇಳಿದನೆನ್ನಿ. ಕಾಂಕ್ರೀಟಿನ ತಾರಸಿಯ ಕೆಳಗೆ ಹುಟ್ಟಿದ ಅವನಿಗೆ ತೊಲೆ, ಜಂತೆ, ಮೇಲೆ ಹೊದಿಸಿದ ಮಣ್ಣು, ಮಳೆಗಾಲಕ್ಕೆ ಮುಂಚೆ ಅದನ್ನು ತುಳಿದು ಗಟ್ಟಿಮಾಡುವ ಬಗೆ, ಇಷ್ಟನ್ನು ತಾತನು ಮೊದಲು ಹೇಳಬೇಕಾಗುವುದು. ಅಜ್ಞಾನದ ವಿಷಯಕ್ಕೆ ಬರುವುದು ಆಮೇಲೆ.