ಹಾಡುವವನಿಗೆ ಹೆಣ್ಣು ಕೊಡಬಾರದು

ರಾತ್ರಿ ಊಟವಾದ ಮೇಲೆ ಮೂರು ಗಂಟೆಯ ಸಿನಿಮಾ ಹಾಕಿ ಕೂತರೆ ಮನೆಯಲ್ಲಿ ಗೊಣಗಾಟ ಶುರುವಾಗುತ್ತದೆ. ಇಪ್ಪತ್ತು ನಿಮಿಷದ್ದಕ್ಕೆ ಯಾರ ಅಪ್ಪಣೆಯೂ ಬೇಡ. ಹಳೆಯ ಕಿರುಚಿತ್ರ ನೋಡುವ ನನ್ನ ಚಟ ಬೆಳೆದದ್ದು ಇಂಥ ಬಿಡುವುಗಳಲ್ಲೇ. 1930ರ ಆಸುಪಾಸಿನ ಅಮೆರಿಕದಲ್ಲಿ ದೊಡ್ಡ ಚಿತ್ರಕ್ಕೆ ಮೊದಲು ವಾರ್ತಾಚಿತ್ರ, ಕಾರ್ಟೂನು, ಜೊತೆಗೆ ಎರಡು ರೀಲಿನ ಒಂದು ಕಾಮಿಡಿ ತೋರಿಸುತ್ತಿದ್ದರು. ಒಂದು ರೀಲು ಸಾವಿರ ಅಡಿ, ಹೆಚ್ಚೆಂದರೆ ಹನ್ನೊಂದು ನಿಮಿಷ. ಎರಡು ರೀಲಿನೊಳಗೆ ಹುಡುಗಿ, ಹುಡುಗ, ಖಳ, ತಪ್ಪು ತಿಳಿವಳಿಕೆ, ಓಟ, ಮದುವೆ ಎಲ್ಲ ಮುಗಿಯಬೇಕು. ನಡುವೆ ಮೂರು ನಾಲ್ಕು ಹಾಡೂ ಬೇಕು ಎಂದರೆ ಕಥೆಗೆ ಉಳಿಯುವ ಜಾಗ ಎಷ್ಟು ಎಂದು ನೀವೇ ಲೆಕ್ಕ ಹಾಕಿ.

ಈ ಸಂಗೀತ ಕಾಮಿಡಿಗಳಲ್ಲಿ ನನಗೆ ಹೆಚ್ಚು ಇಷ್ಟವಾದವು ಹಾಡುಗಾರ ಬಿಂಗ್ ಕ್ರಾಸ್ಬಿ 1931ರಿಂದ 1933ರವರೆಗೆ ಮ್ಯಾಕ್ ಸೆನೆಟ್ ಕಂಪನಿಗೆ ಮಾಡಿಕೊಟ್ಟ ಆರು ಕಿರುಚಿತ್ರಗಳು. ಸೆನೆಟ್ ಎಂದರೆ ಮೂಕಿ ಕಾಲದ ನಗೆಯ ದೊರೆ. 1912ರಲ್ಲಿ ಕೀಸ್ಟೋನ್ ಕಂಪನಿ ಕಟ್ಟಿದವನು, ಬಿದ್ದು ಎದ್ದು ಓಡುವ ಕೀಸ್ಟೋನ್ ಪೊಲೀಸರನ್ನು ಕುಣಿಸಿದವನು, 1914ರಲ್ಲಿ ಚಾರ್ಲಿ ಚಾಪ್ಲಿನ್‌ನನ್ನು ಮೊದಲ ಬಾರಿಗೆ ತೆರೆಗೆ ತಂದವನು. ಅವನು ಕೆನಡಾದ ಕ್ವಿಬೆಕ್‌ನಿಂದ ಬಂದವನು. ಹರೆಯದಲ್ಲಿ ಅವನಿಗಿದ್ದ ಆಸೆ ಒಪೆರಾ ಹಾಡುಗಾರನಾಗಬೇಕೆಂಬುದು. ಅದು ಕೈಗೂಡಲಿಲ್ಲ. ಹಣೆಬರಹದ ತಮಾಷೆ ನೋಡಿ, ಮಾತಿನ ಚಿತ್ರ ಬಂದು ತನ್ನ ಪೊಲೀಸರ ಓಟ ಹಳತಾಗುತ್ತಿದ್ದಾಗ ಅವನ ಕೈ ಹಿಡಿದವನು ಒಬ್ಬ ಹಾಡುಗಾರ. ಅದೂ ಒಪೆರಾದವರು ಹಾಡುಗಾರನೆಂದು ಒಪ್ಪಿಕೊಳ್ಳಲು ಹಿಂದೆಮುಂದೆ ನೋಡುವಂಥವನು.

ಲಾಸ್ ಏಂಜಲೀಸ್‌ನ ಅಂಬಾಸಡರ್ ಹೋಟೆಲಿನಲ್ಲಿ ಕೋಕೋನಟ್ ಗ್ರೋವ್ ಎಂಬ ನೃತ್ಯಶಾಲೆ ಇತ್ತು. ಸಿನಿಮಾದವರೆಲ್ಲ ಸಂಜೆ ಸೇರುತ್ತಿದ್ದ ಜಾಗ. ಗಸ್ ಆರ್ನ್‌ಹೈಮ್‌ನ ವಾದ್ಯವೃಂದದ ಜೊತೆ ಕ್ರಾಸ್ಬಿ ಅಲ್ಲಿ ಹಾಡುತ್ತಿದ್ದ, ರೇಡಿಯೋದವರು ಅದನ್ನು ಅಲ್ಲಿಂದಲೇ ಬಿತ್ತರಿಸುತ್ತಿದ್ದರು. ಜೊತೆಗಾರ ಹ್ಯಾರಿ ಬ್ಯಾರಿಸ್ ರಾಗ ಹಾಕಿದ 'ಐ ಸರೆಂಡರ್, ಡಿಯರ್' 1931ರ ಮೊದಲಲ್ಲಿ ಧ್ವನಿಮುದ್ರಣವಾಗಿ ಜನರ ಬಾಯಲ್ಲಿ ನಿಂತಿತು. ಸೆನೆಟ್ ತಡಮಾಡಲಿಲ್ಲ. ಹಾಡಿನ ಹೆಸರನ್ನೇ ಚಿತ್ರಕ್ಕಿಟ್ಟ, ಹಾಡುಗಾರನನ್ನು ಅವನ ಸ್ವಂತ ಹೆಸರಿನಲ್ಲೇ ನಾಯಕನನ್ನಾಗಿಸಿದ, ತಾನೇ ನಿರ್ದೇಶಿಸಿದ. ರೈಲ್ವೆ ನಿಲ್ದಾಣದಲ್ಲಿ ಹಾಡುಗಾರ ಯಾರೋ ಹುಡುಗಿಯನ್ನು ತನ್ನ ತಂಗಿಯೆಂದುಕೊಂಡು ಅಪ್ಪಿಕೊಳ್ಳುತ್ತಾನೆ. ಅವಳಿಗೆ ಆಗಲೇ ಕುಲೀನ ಬಿರುದಿರುವ ವರನೊಬ್ಬ ಗೊತ್ತಾಗಿದ್ದಾನೆ. ಮುಂದಿನದನ್ನು ಊಹಿಸಲು ನಮ್ಮ ಸಿನಿಮಾ ನೋಡಿ ಬೆಳೆದವರಿಗೆ ಕಷ್ಟವೇನಿಲ್ಲ.

ಕಥೆಗಾಗಿ ಯಾರೂ ಇವನ್ನು ನೋಡಬೇಕಾಗಿಲ್ಲ. ನಾನು ನೋಡುವುದು ಕ್ರಾಸ್ಬಿಯ ಆರಾಮಿಗಾಗಿ. ಸುತ್ತ ಸೆನೆಟ್‌ನ ಹಳೆಯ ಅಂಗಡಿಯ ಸರಕೆಲ್ಲ ಇದೆ: ಬಾಗಿಲು ಬಡಿತ, ಕಾಲು ಜಾರುವುದು, ಅಟ್ಟಿಸಿಕೊಂಡು ಹೋಗುವುದು, ಕೂಗಾಟ. ಅದರ ನಡುವೆ ಈ ಮನುಷ್ಯ ಸಂತೆಯಲ್ಲಿ ಕೊತ್ತಂಬರಿ ಸೊಪ್ಪಿಗೆ ಬಂದವನ ಹಾಗೆ ಓಡಾಡುತ್ತಾನೆ. ಅವಸರವಿಲ್ಲ, ಕೋಪವಿಲ್ಲ. ಅಭಿನಯವೂ ಇಲ್ಲ ಎಂದರೆ ಅಭಿಮಾನಿಗಳು ಬೇಸರ ಮಾಡಿಕೊಳ್ಳಬಾರದು. ಎಲ್ಲರೂ ಹೊಡೆದಾಡಿಕೊಂಡು ಅಭಿನಯಿಸುತ್ತಿರುವ ಕಡೆ ಒಬ್ಬ ಸುಮ್ಮನಿದ್ದರೆ ಕಣ್ಣು ಅವನ ಮೇಲೇ ನಿಲ್ಲುತ್ತದೆ. ಹಾಡು ಶುರುವಾದರೆ ಗಲಾಟೆಯೂ ನಿಲ್ಲುತ್ತದೆ, ಕ್ಯಾಮೆರಾವೂ ನಿಲ್ಲುತ್ತದೆ. ಎದುರಿಗಿರುವ ಒಬ್ಬಳಿಗಷ್ಟೇ ಕೇಳಿದರೆ ಸಾಕೆಂಬಂತೆ ಅವನು ಬಾಯಿ ತೆರೆಯುತ್ತಾನೆ.

ಆ ಕಾಲಕ್ಕೆ ಇದು ಸಣ್ಣ ಸಂಗತಿಯಲ್ಲ. ಅದಕ್ಕೆ ಹಿಂದೆ ಹಾಡುಗಾರನ ಮೊದಲ ಯೋಗ್ಯತೆಯೇ ಸಭೆಯ ಕೊನೆಯ ಸಾಲಿಗೆ ಮುಟ್ಟುವ ಗಂಟಲು. ಸಣ್ಣ ದನಿಯ ರೂಡಿ ವ್ಯಾಲಿ ಬಾಯಿಗೆ ಮೆಗಾಫೋನ್ ಹಿಡಿದುಕೊಂಡು ಹಾಡುತ್ತಿದ್ದ. ಮೈಕು ಬಂದ ಮೇಲೆ ಕೂಗಬೇಕಾದ ಹಂಗು ತಪ್ಪಿತು. ತಪ್ಪಿತು ಎಂಬುದನ್ನು ಮೈಕಿನ ಮುಂದೆ ನಿಂತೂ ಹಲವರು ಅರಿಯಲಿಲ್ಲ, ಕ್ರಾಸ್ಬಿ ಅರಿತ. ಮೈಕಿಗೆ ಹತ್ತಿರ ನಿಂತು ದನಿ ಇಳಿಸಿ, ಪದಗಳನ್ನು ಮಾತಿನ ಲಯದಲ್ಲೇ ಬಿಟ್ಟು, ತಾಳಕ್ಕೆ ತುಸು ಹಿಂದೆ ಬಿದ್ದಂತೆ ತೋರಿಸಿ ಮತ್ತೆ ಸೇರಿಕೊಳ್ಳುತ್ತಿದ್ದ. ನಮ್ಮಲ್ಲಿ ಆಗ ಕಂಪನಿ ನಾಟಕದವರು ಹಿಂದಿನ ಬೆಂಚಿನವನಿಗೂ ಕೇಳುವಂತೆ ಕಂಠ ಬಿಚ್ಚಿ ಕಂದಪದ್ಯ ಹೇಳುತ್ತಿದ್ದ ಕಾಲ. ಕನ್ನಡದ ಮೊದಲ ಟಾಕಿ 'ಸತಿ ಸುಲೋಚನಾ' ಬಂದದ್ದು 1934ರಲ್ಲಿ, ಅದರ ನಟರು ರಂಗಭೂಮಿಯವರೇ. ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದ ಆಕಾಶವಾಣಿ ಶುರುಮಾಡಿದ್ದು ಅದರ ಮರುವರ್ಷ. ಪಿಸುದನಿಯ ಗಾಯಕನೊಬ್ಬ ಮನೆಯ ನಡುಕೋಣೆಗೆ ಬಂದು ಹಾಡುವ ವಿಚಿತ್ರ ನಮ್ಮವರಿಗೆ ಇನ್ನೂ ಎದುರಾಗಿರಲಿಲ್ಲ.

ವಿಚಿತ್ರವೆನಿಸಿದ್ದು ಅಮೆರಿಕದವರಿಗೂ ಹೌದು. 1931ರ ಸೆಪ್ಟೆಂಬರ್‌ನಲ್ಲಿ ಕ್ರಾಸ್ಬಿಯ ಹದಿನೈದು ನಿಮಿಷದ ಕಾರ್ಯಕ್ರಮ ಸಿಬಿಎಸ್ ರೇಡಿಯೋದಲ್ಲಿ ದೇಶಕ್ಕೆಲ್ಲ ಕೇಳತೊಡಗಿತು. 1932ರ ಜನವರಿಯಲ್ಲಿ ಬೋಸ್ಟನ್‌ನ ಕಾರ್ಡಿನಲ್ ಓಕಾನಲ್ ಈ ಬಗೆಯ ಹಾಡುಗಾರರ ಮೇಲೆ ಹರಿಹಾಯ್ದರು. ಗಂಡಸರಿಗೆ ತಕ್ಕ ಹಾಡಲ್ಲ, ನೀತಿಗೆಟ್ಟ ನರಳಾಟ ಎಂಬುದು ಅವರ ದೂರಿನ ಸಾರ. ನಕ್ಕುಬಿಡಬಹುದು, ಆದರೆ ಮನೆಯ ಹಿರಿಯರ ಕಡೆಯಿಂದ ಒಮ್ಮೆ ಯೋಚಿಸಿ. ಬಾಗಿಲು ತಟ್ಟದೆ, ಚಪ್ಪಲಿ ಬಿಡದೆ, ಪರಪುರುಷನೊಬ್ಬ ಮಗಳ ಕಿವಿಯ ಹತ್ತಿರ ಬಂದು ಪ್ರೀತಿಯ ಮಾತಾಡುತ್ತಿದ್ದಾನೆ, ಮಗಳು ಕಣ್ಣು ಮುಚ್ಚಿ ಕೇಳುತ್ತಿದ್ದಾಳೆ. ಆಚೆ ತಳ್ಳೋಣವೆಂದರೆ ಅವನ ಮೈಯೇ ಅಲ್ಲಿಲ್ಲ.

ಸೆನೆಟ್‌ನ ಜಾಣತನ ಇರುವುದು ಇಲ್ಲೇ ಎಂದು ನನ್ನ ಎಣಿಕೆ. ಅವನು ಈ ಭಯವನ್ನೇ ಕಥೆ ಮಾಡಿದ. ಹೆಚ್ಚುಕಡಿಮೆ ಈ ಚಿತ್ರಗಳೆಲ್ಲದರಲ್ಲೂ ಹುಡುಗಿಗೂ ಹಾಡುಗಾರನಿಗೂ ನಡುವೆ ಯಾರೋ ಅಡ್ಡ ನಿಂತಿರುತ್ತಾರೆ: ತಾಯಿ, ತಂದೆ, ಇಲ್ಲವೇ ಅವರು ಮೆಚ್ಚಿದ ವರ. 'ಬ್ಲೂ ಆಫ್ ದ ನೈಟ್' ಚಿತ್ರದ ಹುಡುಗಿ ಬೇಡದ ವರನನ್ನು ದೂರವಿಡಲು, ನನಗೆ ಬಿಂಗ್ ಕ್ರಾಸ್ಬಿಯ ಜೊತೆ ಮದುವೆ ಗೊತ್ತಾಗಿದೆ ಎಂದು ಬುರುಡೆ ಬಿಡುತ್ತಾಳೆ. ರೈಲಿನಲ್ಲಿ ಎದುರಿಗೇ ಸಿಕ್ಕ ಕ್ರಾಸ್ಬಿಯನ್ನು ಮಾತ್ರ ಗುರುತು ಹಿಡಿಯುವುದಿಲ್ಲ! ಅವನೂ ತಾನು ಜ್ಯಾಕ್ ಸ್ಮಿತ್ ಎಂಬ ಪತ್ರಿಕಾ ವರದಿಗಾರ ಎಂದು ಹೇಳಿಕೊಳ್ಳುತ್ತಾನೆ. ಕೊನೆಗೆ ಇವನು ಕ್ರಾಸ್ಬಿಯೇ ಅಲ್ಲ, ಮೋಸಗಾರ ಎಂದು ಆ ವರ ಪಟ್ಟು ಹಿಡಿದಾಗ ಕ್ರಾಸ್ಬಿಯ ಬಳಿ ಇರುವ ಸಾಕ್ಷಿ ಒಂದೇ. ತನ್ನ ರೇಡಿಯೋ ಕಾರ್ಯಕ್ರಮದ ಗುರುತಿನ ಹಾಡನ್ನು ಹಾಡುತ್ತಾನೆ.

ಪೋಸ್ಟರಿನಲ್ಲಿ ಮುಖ ನೋಡಿ ನಾಯಕನನ್ನು ಗುರುತಿಸುವ ನಮಗೆ ಇದು ನಂಬಲಾಗದ ಕಥೆ. ಅಂದಿನವರಿಗೆ ನಂಬಬಹುದಾದದ್ದೇ; ಲಕ್ಷಾಂತರ ಮನೆಗಳಲ್ಲಿ ದನಿ ಚಿರಪರಿಚಿತ, ಮುಖ ಇನ್ನೂ ಅಷ್ಟಕ್ಕಷ್ಟೆ. ಮುಖವೂ ನಾಯಕನ ಅಚ್ಚಿನದಲ್ಲ. ಅವನ ಕಿವಿಗಳು ಹೊರಗೆ ಚಾಚಿಕೊಂಡಿದ್ದವು. ಮುಂದೆ ಪ್ಯಾರಮೌಂಟ್‌ನ ದೊಡ್ಡ ಚಿತ್ರಗಳಿಗೆ ಹೋದಾಗ ಮೇಕಪ್‌ನವರು ಅವುಗಳನ್ನು ಅಂಟು ಹಾಕಿ ತಲೆಗೆ ಅಂಟಿಸುತ್ತಿದ್ದರು. 1934ರಲ್ಲಿ ಒಂದು ಚಿತ್ರೀಕರಣದ ನಡುವೆ ದೀಪದ ಕಾವಿಗೆ ಅಂಟು ಬಿಟ್ಟು ಕಿವಿ ಚಿಮ್ಮಿತು. ಇನ್ನು ಅಂಟಿಸುವುದು ಬೇಡ ಎಂದು ಕ್ರಾಸ್ಬಿ ಹಟ ಹಿಡಿದು ಗೆದ್ದ.

'ಬ್ಲೂ ಆಫ್ ದ ನೈಟ್'ನ ವರ ಫ್ರ್ಯಾಂಕ್ಲಿನ್ ಪ್ಯಾಂಗ್‌ಬರ್ನ್. ನನ್ನ ಮಟ್ಟಿಗೆ ಈ ಚಿತ್ರಗಳ ನಿಜವಾದ ಹಾಸ್ಯ ಅವನದ್ದು. ಇಸ್ತ್ರಿ ಕೆಡದ ಬಟ್ಟೆ, ಮೇಲೇರಿದ ಹುಬ್ಬು, ಜಗತ್ತೆಲ್ಲ ತನ್ನ ಮೇಲೆ ಎಂಜಲು ಚೆಲ್ಲಲು ಕಾದಿದೆಯೆಂಬ ಗಾಬರಿ. ಬೀಳದೆಯೇ ನಗಿಸುವ ಕಲೆ ಸೆನೆಟ್‌ನ ಅಂಗಳದಲ್ಲಿ ಅಪರೂಪ. ಉಳಿದ ನಗೆಯಲ್ಲಿ ಬೂಸಲು ಹಿಡಿದದ್ದೂ ಸಾಕಷ್ಟಿದೆ. 'ಡ್ರೀಮ್ ಹೌಸ್' ಚಿತ್ರದಲ್ಲಿ ಕ್ರಾಸ್ಬಿ ಮುಖಕ್ಕೆ ಕಪ್ಪು ಬಳಿದುಕೊಂಡು ಬರುವ ಭಾಗ ಕರಿಯರನ್ನು ಗೇಲಿ ಮಾಡುವ ಅಂದಿನ ಚಾಳಿಯದು. ಹಳೆಯದರ ಮೇಲಿನ ಮೋಹಕ್ಕೆ ಅದನ್ನು ನುಂಗಿಕೊಳ್ಳಲು ನನಗಾಗುವುದಿಲ್ಲ.

1933ರಲ್ಲಿ ಸೆನೆಟ್ ಕಂಪನಿ ದಿವಾಳಿಯಾಯಿತು. ಕ್ರಾಸ್ಬಿ ಏರುತ್ತಲೇ ಹೋದ, 1944ರ 'ಗೋಯಿಂಗ್ ಮೈ ವೇ' ಚಿತ್ರಕ್ಕೆ ಆಸ್ಕರ್ ಗೆದ್ದ. ಅದರಲ್ಲಿ ಅವನ ಪಾತ್ರ ಕ್ಯಾಥೊಲಿಕ್ ಪಾದ್ರಿಯದು. ಆ ವರ್ಷವೇ ತೀರಿಕೊಂಡ ಕಾರ್ಡಿನಲ್ ಓಕಾನಲ್ ಅದಕ್ಕೇನೆನ್ನುತ್ತಿದ್ದರೋ. 1947ರಲ್ಲಿ ಆಸ್ಟರ್ ಎಂಬ ಕಂಪನಿ ಹಳೆಯ ಕಿರುಚಿತ್ರಗಳ ತುಂಡುಗಳನ್ನು ಪೋಣಿಸಿ, 'ರೋಡ್ ಟು ಹಾಲಿವುಡ್' ಎಂದು ಹೆಸರಿಟ್ಟು, ಅವನ ಜನಪ್ರಿಯ 'ರೋಡ್ ಟು' ಸರಣಿಯ ಬಾಲ ಹಿಡಿದು ಮಾರಿತು.

ಹೊಸದಾಗಿ ನೋಡುವವರು 'ಸಿಂಗ್, ಬಿಂಗ್, ಸಿಂಗ್'ನಿಂದ ಶುರುಮಾಡಿ ಎನ್ನುತ್ತೇನೆ. ಆರರಲ್ಲಿ ಅದೇ ಕಡೆಯದು, 1933ರದ್ದು. ಓಡಿಹೋಗುವ ಉಪಾಯವನ್ನು ಹಾಡುಗಾರ ರೇಡಿಯೋದ ಮೂಲಕವೇ ಹುಡುಗಿಗೆ ತಿಳಿಸುತ್ತಾನೆ. ಅವಳ ಅಪ್ಪನಿಗೆ ಈ ಹಾಡುಗಾರನೆಂದರೆ ಆಗದು. ಆಗದಿದ್ದರೇನು, ಯಾವ ಸಾಲಿನಲ್ಲಿ ಏನು ಸಂಚಿದೆಯೋ ಎಂದು ಹಿಡಿಯಬೇಕಾದರೆ ಒಂದು ಪದ ಬಿಡದೆ ಆಲಿಸಲೇಬೇಕು. ಊರಿನಲ್ಲಿ ಬೇರೆ ಯಾವ ಅಭಿಮಾನಿಯೂ ಕ್ರಾಸ್ಬಿಯನ್ನು ಅಷ್ಟು ಶ್ರದ್ಧೆಯಿಂದ ಕೇಳಿರಲಾರ.